ಮಣೂಕ ಶೆಡ್ಡಿನ ವಹಿ

ಕೇಳುಗರಿಗೆ ನಮಸ್ಕಾರ.

ಫೆಬ್ರುವರಿ, ಮಾರ್ಚ್‌ನಲ್ಲಿ ವಿಜಯಪುರದಿಂದ ತಿಕೋಟಾ ಕಡೆ ಬಂದರೆ ಹೊಲಗಳ ನಡುವೆ ಬಲೆ ಹೊದ್ದ ಉದ್ದುದ್ದ ಶೆಡ್ಡುಗಳು ಕಾಣುತ್ತವೆ. ಅಂಥದ್ದೊಂದು ಶೆಡ್ಡು ನಮ್ಮದು. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವುದು ನಮ್ಮ ವ್ಯಾಪಾರ. ಗುರಿ ಇಟ್ಟುಕೊಂಡು, ಅಳೆದು ನೋಡಿ ವ್ಯಾಪಾರ ಸುಧಾರಿಸುವುದು ಹೇಗೆ ಅಂತ ನನಗೆ ಕಲಿಸಿದ್ದು ಈ ಶೆಡ್ಡೇ.

ಶುರುವಿನಲ್ಲಿ ನನ್ನ ಗುರಿ ಒಂದೇ ಇತ್ತು. ಈ ಸಲ ಹತ್ತು ಲಕ್ಷ! ಶೆಡ್ಡಿನ ಕಂಬದ ಮೇಲೆ ಸುಣ್ಣದಲ್ಲಿ ಬರೆದಿದ್ದೆ. ದಿನಾ ಅದನ್ನು ನೋಡುತ್ತಿದ್ದೆ. ಆದರೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ಆ ಅಂಕಿ ಒಂದು ದಿನವೂ ಹೇಳಲಿಲ್ಲ. ದರ ನಿಲ್ಲುವುದು ಪೇಟೆಯಲ್ಲಿ, ನನ್ನ ಕೈಯಲ್ಲಿಲ್ಲ. ಮಾಲು ಮಾರಿ ಹಣ ಎಣಿಸಿದಾಗ ಕಡಿಮೆ ಬಿತ್ತು. ಯಾಕೆ ಅಂತ ಮನೆಯವರು ಕೇಳಿದರು. ‘ಈ ವರ್ಷ ದರ ಇಲ್ಲ’ ಅಂದೆ. ಅದು ಅರ್ಧ ಸತ್ಯ.

ಉಳಿದರ್ಧ ಹಣ್ಣಿನ ಸಕ್ಕರೆಯಲ್ಲಿತ್ತು.

ಲೆಕ್ಕ ಸರಳ ಇದೆ, ಕೇಳಿ. ದ್ರಾಕ್ಷಿ ಒಣಗಿದಾಗ ನೀರು ಹೋಗುತ್ತದೆ, ಸಕ್ಕರೆ ಉಳಿಯುತ್ತದೆ. ಚೆನ್ನಾಗಿ ಒಣಗಿದ ಮಣೂಕದಲ್ಲೂ ಶೇ 15ರಷ್ಟು ನೀರು ಇರುತ್ತದೆ ಅಂತ ಇಟ್ಟುಕೊಳ್ಳಿ. ಹಣ್ಣಿನಲ್ಲಿ ಸಕ್ಕರೆ ಅಂಶ ಶೇ 18 ಇದ್ದಾಗ ಕೊಯ್ದರೆ ನೂರು ಕೆ.ಜಿ. ಹಣ್ಣಿಗೆ ಸುಮಾರು 21 ಕೆ.ಜಿ. ಮಣೂಕ. ಶೇ 22 ಇದ್ದಾಗ ಕೊಯ್ದರೆ ಹತ್ತಿರ ಹತ್ತಿರ 26 ಕೆ.ಜಿ. ಹತ್ತು ಟನ್ ಹಣ್ಣಿಗೆ ನಾಲ್ಕೂವರೆ ಕ್ವಿಂಟಲ್‌ಗಿಂತ ಜಾಸ್ತಿ ವ್ಯತ್ಯಾಸ! ಅದೇ ಬಳ್ಳಿ, ಅದೇ ಗೊಬ್ಬರ, ಅದೇ ಕೂಲಿ. ಕೊಯ್ಯುವ ಗುಂಪು ಸಿಕ್ಕಿತು ಅಂತ ನಾನು ಅವಸರ ಮಾಡಿದ್ದೆ, ಅಷ್ಟೇ.

ಮರುವರ್ಷ ಕಂಬದ ಮೇಲಿನ ಹತ್ತು ಲಕ್ಷ ಅಳಿಸಿದೆ. ‘22 ದಾಟದೆ ಕತ್ತರಿ ಇಲ್ಲ’ ಅಂತ ಬರೆದೆ. ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಎರಡು ಹನಿ ರಸ ಹಾಕಿ ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತದೆ.

ಅಳೆಯುವುದರಲ್ಲೂ ನಮಗೆ ನಾವೇ ಮೋಸ ಮಾಡಿಕೊಳ್ಳುತ್ತೇವೆ, ಅಲ್ವಾ? ನಾನು ಕಣ್ಣಿಗೆ ಚಂದ ಕಂಡ ಗೊಂಚಲಿನ ಮೇಲ್ತುದಿಯ ಹಣ್ಣು ಕಿತ್ತು ಹಿಂಡುತ್ತಿದ್ದೆ. ಗೊಂಚಲಿನ ಕೆಳತುದಿಯ ಹಣ್ಣು ಮಾಗುವುದು ತಡ. ಈಗ ತೋಟದ ನಾಲ್ಕೂ ಮೂಲೆಯ ಬಳ್ಳಿಗಳಿಂದ, ಗೊಂಚಲಿನ ಮೇಲೆ, ನಡುವೆ, ಕೆಳಗೆ, ಮೂರೂ ಕಡೆಯ ಹಣ್ಣು ಸೇರಿಸಿ ಹಿಂಡುತ್ತೇವೆ. ಅಂಕಿ ಮೊದಲಿಗಿಂತ ಕಡಿಮೆ ಬಂತು. ಬೇಜಾರಾಯಿತು. ಆದರೆ ನಂಬುವಂಥ ಅಂಕಿ ಅದೇ.

ಮಾರ್ಚ್‌ನಲ್ಲಿ ಮೋಡ ಕವಿದರೆ ಏನು ಮಾಡೋದು? ಗುರಿ ಮುರಿಯುತ್ತೇನೆ. 20ಕ್ಕೇ ಕೊಯ್ಯುತ್ತೇನೆ. ಆದರೆ ಯಾಕೆ ಮುರಿದೆ ಅಂತ ಆ ದಿನವೇ ವಹಿಯಲ್ಲಿ ಬರೆಯುತ್ತೇನೆ. ಇಲ್ಲದಿದ್ದರೆ ಪ್ರತಿ ವರ್ಷ ಒಂದು ಮೋಡ ಸಿಕ್ಕೇ ಸಿಗುತ್ತದೆ.

ಇನ್ನೊಂದು ತಪ್ಪು ಹೇಳಲೇಬೇಕು. ಒಂದು ವರ್ಷ ಕೊಯ್ಯುವವರಿಗೆ ದಿನಕ್ಕೆ ಇಷ್ಟು ಕ್ರೇಟ್ ಅಂತ ಗುರಿ ಕೊಟ್ಟೆ. ಕ್ರೇಟ್ ತುಂಬಿದವು, ಗುರಿ ಮುಟ್ಟಿತು. ಆದರೆ ಹಣ್ಣು ಜಜ್ಜಿತು. ಜಜ್ಜಿದ ಹಣ್ಣು ಒಣಗುವಾಗ ಕಪ್ಪಾಗುತ್ತದೆ, ಮೂರನೇ ದರ್ಜೆಗೆ ಇಳಿಯುತ್ತದೆ. ಅವರದೇನೂ ತಪ್ಪಿಲ್ಲ. ನಾನು ಎಣಿಸಿದ್ದನ್ನು ಅವರು ಕೊಟ್ಟರು.

ಪೀಟರ್ ಡ್ರಕರ್ ಎಂಬ ಆಡಳಿತ ತಜ್ಞರು 1954ರಲ್ಲೇ ಗುರಿ ಇಟ್ಟು ಕೆಲಸ ನಡೆಸುವ ಪದ್ಧತಿಯನ್ನು ವಿವರಿಸಿ ಬರೆದರು. ಅವರ ಒಂದು ವಿಚಾರ ನನಗೆ ತುಂಬಾ ಹಿಡಿಸಿತು. ಅಳತೆ ಇರಬೇಕಾದದ್ದು ಕೆಲಸ ಮಾಡುವವರು ತಮ್ಮ ಕೆಲಸವನ್ನು ತಾವೇ ತಿದ್ದಿಕೊಳ್ಳುವುದಕ್ಕೆ, ಮೇಲಿನವರು ಅವರನ್ನು ಹಿಡಿದು ಆಡಿಸುವುದಕ್ಕಲ್ಲ. ಅಲ್ಲಿಯವರೆಗೆ ನನ್ನ ವಹಿ ಮನೆಯ ಟ್ರಂಕಿನಲ್ಲಿ ಇರುತ್ತಿತ್ತು. ಅದನ್ನು ತಂದು ಶೆಡ್ಡಿನಲ್ಲಿ, ಅದ್ದುವ ಟಬ್ಬಿನ ಪಕ್ಕ, ದಾರ ಕಟ್ಟಿ ತೂಗುಹಾಕಿದೆ.

ಆಮೇಲೆ ಬದಲಾವಣೆ ಬೇಗ ಬಂತು. ಗೊಂಚಲು ಅದ್ದುವ ನೀರಿಗೆ ಲೀಟರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿ.ಲೀ. ಡಿಪ್ಪಿಂಗ್ ಆಯಿಲ್ ಬೇಕು. ಸಿಪ್ಪೆಯ ಮೇಲಿನ ಮೇಣ ಸಡಿಲಾಗಿ ನೀರು ಬೇಗ ಆರುವುದು ಇದರಿಂದಲೇ. ಮೊದಲು ಇದನ್ನು ಸುಮ್ನೆ ಮುಷ್ಟಿ ಲೆಕ್ಕದಲ್ಲಿ ಹಾಕುತ್ತಿದ್ದೆವು. ಟಬ್ಬಿನ ಹತ್ತಿರ ನಿಲ್ಲುವ ಹುಡುಗ ತಾನೇ ಅಳತೆಯ ಲೋಟ ಕೇಳಿದ. ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳಲ್ಲಿ ಯಾವ ಅಂತಸ್ತಿಗೆ ಎಂದು ಹಣ್ಣು ಹರವಿದ್ದು, ಎಂದು ಉದುರಿಸಿದ್ದು ಅಂತ ತಾರೀಖು ಬರೆಯತೊಡಗಿದ. ಕೆಳಗಿನ ಅಂತಸ್ತು ಯಾವಾಗಲೂ ಎರಡು ದಿನ ಹಿಂದೆ ಬೀಳುತ್ತದೆ ಅಂತ ಗೊತ್ತಾಗಿದ್ದು ಆ ತಾರೀಖುಗಳಿಂದ. ಅಲ್ಲಿ ಗಾಳಿ ಆಡುತ್ತಿರಲಿಲ್ಲ. ಬದಿಯ ತಾಡಪತ್ರಿ ಒಂದು ಮೊಳ ಮೇಲೆ ಕಟ್ಟಿದೆವು.

ನಿಮ್ಮದು ರೊಟ್ಟಿ ಕೇಂದ್ರ ಇರಬಹುದು, ಗ್ಯಾರೇಜ್ ಇರಬಹುದು. ಹಣದ ಗುರಿ ಇರಲಿ, ಬೇಡ ಅನ್ನುವುದಿಲ್ಲ. ಅದರ ಕೆಳಗೆ ಇನ್ನೊಂದು ಅಂಕಿ ಬರೆಯಿರಿ. ತಿದ್ದುವುದಕ್ಕೆ ಇನ್ನೂ ಹೊತ್ತಿರುವಾಗಲೇ ಕೈಗೆ ಸಿಗುವ ಅಂಕಿ.

ಈ ಸಲ ನಮ್ಮ ವಹಿಯಲ್ಲಿ ಹೊಸ ಕಾಲಂ ಒಂದು ಸೇರಿದೆ: ಯಾವ ಕ್ರೇಟಿನಲ್ಲಿ ಎಷ್ಟು ಹಣ್ಣು ಜಜ್ಜಿ ಬಂತು ಅಂತ. ಅದನ್ನು ಹಾಕಿಸಿದವರು ತೊಟ್ಟು ಬಿಡಿಸುವ ಹೆಣ್ಣುಮಕ್ಕಳು.

ನಮಸ್ಕಾರ.