ಹೊಟ್ಟೆಕಿಚ್ಚು ಒಂದು ಪದವೋ, ಎರಡೋ?

ನಮಸ್ಕಾರ. ರೂಪಕ, ಅಂದರೆ ಒಂದನ್ನು ಇನ್ನೊಂದಾಗಿಯೇ ಕಂಡು ಹೇಳುವ ಮಾತು, ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ನನಗಂತೂ ಹೈಸ್ಕೂಲಿನ ಅಲಂಕಾರದ ಪಾಠ, ಆ 'ಮುಖಕಮಲ'. ಲಕ್ಷಣ ಬರೆದು, ಸಮನ್ವಯ ಮಾಡಿದರೆ ಅಂಕ. ಹಾಗಾಗಿಯೇ ಎಷ್ಟೋ ಜನ ರೂಪಕ ಕವಿಗಳ ಸೊತ್ತು ಅಂದುಕೊಂಡಿದ್ದಾರೆ. ನನಗೆ ಇದು ನಿಜಕ್ಕೂ ಬೇಸರ.

ಮನೆಯಲ್ಲಿ ಅಜ್ಜಿ ಆಡುವ ಮಾತು ಕೇಳಿ. ಅನ್ನ ಹಾಕಿದವರಿಗೆ 'ನಿನ್ನ ಹೊಟ್ಟೆ ತಣ್ಣಗಿರಲಿ' ಎಂದು ಹರಸುತ್ತಾರೆ. ಕಾಡುವ ಮೊಮ್ಮಗನಿಗೆ 'ಯಾಕೋ ಹೊಟ್ಟೆ ಉರಿಸ್ತೀಯ?' ಪಕ್ಕದ ಮನೆಯವರ ಏಳಿಗೆ ಸಹಿಸದವರಿಗೆ ಹೊಟ್ಟೆಕಿಚ್ಚು. ಸಂಕಟ, ಅಸೂಯೆ ಎಲ್ಲಕ್ಕೂ ಒಂದೇ ಒಲೆ! ಸಿಟ್ಟು ಮಾತ್ರ ಅಲ್ಲಿ ನಿಲ್ಲುವುದಿಲ್ಲ. ಅದು ನೆತ್ತಿಗೇರುತ್ತದೆ, ಆಮೇಲೆ ಇಳಿಯುತ್ತದೆ. ಇವು ಬಿಡಿಬಿಡಿ ಮಾತುಗಳಲ್ಲ, ಒಂದಕ್ಕೊಂದು ನಂಟಿದೆ, ಅಲ್ವಾ?

ಈ ನಂಟನ್ನೇ ಅಮೆರಿಕದ ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ಮತ್ತು ತತ್ವಶಾಸ್ತ್ರಜ್ಞ ಮಾರ್ಕ್ ಜಾನ್ಸನ್ 1980ರಲ್ಲಿ ಎತ್ತಿ ತೋರಿಸಿದರು. ರೂಪಕ ಇರುವುದು ನಮ್ಮ ಯೋಚನೆಯಲ್ಲೇ, ಮಾತಿನಲ್ಲಿ ಅದು ಹೊರಗೆ ಕಾಣುತ್ತದೆ ಎಂದರು.

ಆದರೆ ಯಾವ ಪದ ರೂಪಕ, ಯಾವುದು ಅಲ್ಲ? ಒಬ್ಬೊಬ್ಬರು ಒಂದೊಂದು ಹೇಳಿದರೆ ಅಧ್ಯಯನ ಹೇಗೆ ನಡೆಯಬೇಕು? ಅದಕ್ಕೆ ಹತ್ತು ಸಂಶೋಧಕರು ಸೇರಿ 2007ರಲ್ಲಿ ಒಂದು ವಿಧಾನ ಕೊಟ್ಟರು. ಬರಹ ಪೂರ್ತಿ ಓದಿ. ಪದ ಪದ ಬಿಡಿಸಿ. ಇಲ್ಲಿ ಆ ಪದದ ಅರ್ಥ ಏನು? ಅದಕ್ಕೆ ಇನ್ನೂ ಮೂಲವಾದ, ಕೈಗೆ ಸಿಗುವಂಥ ಅರ್ಥ ಬೇರೆ ಕಡೆ ಇದೆಯೇ? 'ಸಾಲದಲ್ಲಿ ಮುಳುಗಿದ' ತೆಗೆದುಕೊಳ್ಳಿ. ಮುಳುಗುವುದು ನೀರಿನಲ್ಲಿ. ಎರಡೂ ಅರ್ಥ ಬೇರೆ, ಆದರೆ ಒಂದರ ಹೋಲಿಕೆಯಿಂದ ಇನ್ನೊಂದು ತಿಳಿಯುತ್ತದೆ. ಹಾಗಾದರೆ ಅದು ರೂಪಕ.

ನನಗೆ ಈ ವಿಧಾನ ತುಂಬಾ ಇಷ್ಟ. ಆದರೆ ಕನ್ನಡಕ್ಕೆ ಬಂದಾಗ ಇದು ಒಂದು ಕಡೆ ತೊಡರುತ್ತದೆ. ಹೊಟ್ಟೆಕಿಚ್ಚು ಒಂದು ಪದವೋ, ಎರಡೋ? ಒಂದೇ ಅಂದರೆ ಅದಕ್ಕೆ ಅಸೂಯೆ ಬಿಟ್ಟು ಬೇರೆ ಅರ್ಥವೇ ಇಲ್ಲ, ರೂಪಕವಾಗಿ ಲೆಕ್ಕಕ್ಕೇ ಬರುವುದಿಲ್ಲ. ಬಿಡಿಸಿದರೆ ಕಿಚ್ಚು ಎದ್ದು ಕಾಣುತ್ತದೆ. ಬಿಡಿಸಲೇಬೇಕು ಎಂಬುದು ನನ್ನ ಅಭಿಪ್ರಾಯ. 'ಹೊಟ್ಟೆ ತಣ್ಣಗಿರಲಿ' ಎಂಬ ಹರಕೆ ನಮಗೆ ಇವತ್ತಿಗೂ ಅರ್ಥವಾಗುತ್ತದೆ ಅಂದರೆ, ಆ ಕಿಚ್ಚು ನಮ್ಮ ಭಾಷೆಯಲ್ಲಿ ಇನ್ನೂ ಆರಿಲ್ಲ.