ಹಳೇ ಗಾಡಿಯ ಕೀಲಿ ಕೊಟ್ಟ ಮೇಲೆ

ನಮಸ್ಕಾರ.

ಹದಿನಾಲ್ಕು ವರ್ಷ ಓಡಿಸಿದ ಒಂದು ಕಾರನ್ನು ಹೋದ ವರ್ಷ ಇನ್ನೊಬ್ಬರ ಕೈಗೆ ಕೊಟ್ಟೆ. 1986ರ ಪೋರ್ಷೆ 911 ಅದು. ಅದರ ಜಾಗಕ್ಕೆ ಬಂದದ್ದೂ 911ನೇ, ಆದರೆ 2010ರದ್ದು. ನಡುವೆ ಇಪ್ಪತ್ತನಾಲ್ಕು ವರ್ಷದ ಅಂತರ. ಹೆಸರು ಒಂದೇ. ದೂರದಿಂದ ನೋಡಿದರೆ ಎರಡೂ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಒಳಗೆ ಕೂತು ಓಡಿಸಿದಾಗಲೇ ಗೊತ್ತಾಗುವುದು, ಎಷ್ಟು ಬದಲಾಗಿದೆ ಅಂತ.

ಈ ಕವಲಿನಲ್ಲಿ ನಿಂತಿರುವವರು ತುಂಬಾ ಜನ ಇದ್ದಾರೆ. ಮನೆಯಲ್ಲಿ ಹಳೇ ಸ್ಪೋರ್ಟ್ಸ್ ಕಾರು ಇರುತ್ತದೆ. ಅದರ ಮೇಲೆ ಜೀವ ಇರುತ್ತದೆ. ಹೊಸ ಮಾಡೆಲ್ ಒಂದು ಪಕ್ಕದಲ್ಲೇ ಸುಯ್ ಅಂತ ಹೋದಾಗ ಮನಸ್ಸು ಅದರ ಹಿಂದೆಯೂ ಓಡುತ್ತದೆ. ಕೊಡೋದಾ, ಬೇಡವಾ? ಕೊಟ್ಟರೆ ಯಾವುದನ್ನು ತರೋದು? ಈ ಲೆಕ್ಕವನ್ನು ನಾನು ಮೂರು ವರ್ಷ ಹಾಕಿದೆ. ಕೊನೆಗೆ ನನಗೆ ದಾರಿ ತೋರಿಸಿದ್ದು ಒಂದೇ ಒಂದು ಪ್ರಶ್ನೆ. ಈ ಗಾಡಿ ಯಾವ ವೇಗದಲ್ಲಿ ಖುಷಿ ಕೊಡೋಕೆ ಶುರು ಮಾಡುತ್ತದೆ? ಎಷ್ಟು ಜೋರಾಗಿ ಹೋಗುತ್ತದೆ ಅನ್ನುವುದನ್ನು ಯಾವ ಪುಸ್ತಕದಲ್ಲಾದರೂ ಓದಬಹುದು. ಇದನ್ನು ಮಾತ್ರ ಓಡಿಸಿಯೇ ತಿಳಿಯಬೇಕು.

ಮೊದಲು ಹಳೇದರ ವಿಷಯ ಹೇಳುತ್ತೇನೆ.

ಬೆಳಿಗ್ಗೆ ಬಾಗಿಲು ತೆಗೆದು ಕೂತರೆ ಮೂಗಿಗೆ ಬರುವುದು ಆಯಿಲ್ ಮತ್ತು ಹಳೇ ಚರ್ಮದ ವಾಸನೆ. ಕ್ಲಚ್, ಬ್ರೇಕ್ ಪೆಡಲ್‌ಗಳು ಮೇಲಿನಿಂದ ಇಳಿಬಿದ್ದಿರುವುದಿಲ್ಲ, ನೆಲದಿಂದ ಎದ್ದು ನಿಂತಿರುತ್ತವೆ. ಕಾಲಿಗೆ ಅದು ಅಭ್ಯಾಸವಾಗಲು ಒಂದು ವಾರ ಬೇಕು. ಎದುರಿಗೆ ಐದು ದುಂಡು ಮೀಟರ್. ನಡುವಿನದೇ ಎಲ್ಲಕ್ಕಿಂತ ದೊಡ್ಡದು. ಅದು ತೋರಿಸುವುದು ಗಾಡಿಯ ವೇಗವನ್ನಲ್ಲ, ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಅಂತ. ಕೀಲಿ ಹಾಕುವ ಜಾಗ ಸ್ಟೀರಿಂಗ್‌ನ ಆಚೆ, ಬಾಗಿಲಿನ ಕಡೆ. ತಿರುಗಿಸಿದ ತಕ್ಷಣ ಬೆನ್ನ ಹಿಂದಿನಿಂದ ಒಂದು ಒಣ ಸದ್ದು ಏಳುತ್ತದೆ. ಎಂಜಿನ್ ಇರುವುದು ಹಿಂದೆ, ಅದು ತಣ್ಣಗಾಗುವುದು ಗಾಳಿಯಿಂದ. ಸುತ್ತ ನೀರಿನ ಪದರ ಇಲ್ಲ, ಹಾಗಾಗಿ ಒಳಗಿನ ಸಣ್ಣಪುಟ್ಟ ಸದ್ದೆಲ್ಲ ನೇರವಾಗಿ ಕಿವಿಗೆ. ದೊಡ್ಡ ಫ್ಯಾನಿನ ಗುಂಯ್ ಸದ್ದು ಅದರ ಮೇಲೆ.

ಹೊರಟ ಮೇಲೂ ಅವಸರ ಮಾಡುವ ಹಾಗಿಲ್ಲ. ಗೇರ್‌ಬಾಕ್ಸ್ ಬೆಚ್ಚಗಾಗುವವರೆಗೆ ಎರಡನೇ ಗೇರನ್ನು ನಿಧಾನವಾಗಿ ಹಾಕಬೇಕು. ನ್ಯೂಟ್ರಲ್‌ನಲ್ಲಿ ಅರೆಕ್ಷಣ ನಿಂತು, ಆಮೇಲೆ ಒಳಗೆ ಜಾರಿಸಬೇಕು. ಪವರ್ ಸ್ಟೀರಿಂಗ್ ಇಲ್ಲ. ನಿಂತಲ್ಲೇ ಚಕ್ರ ತಿರುಗಿಸಿದರೆ ಭುಜಕ್ಕೆ ಕೆಲಸ. ಗಾಡಿ ಉರುಳಲು ಶುರುವಾದರೆ ಅದೇ ಸ್ಟೀರಿಂಗ್ ಹಗುರ. ಭಾರವೆಲ್ಲ ಹಿಂದೆ ಇದೆಯಲ್ಲ! ರಸ್ತೆಗೆ ಹಾಕಿದ ಒಂದು ತೇಪೆಯೂ ಬೆರಳಿಗೆ ಗೊತ್ತಾಗುತ್ತದೆ. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಒಂದು ತಿರುವನ್ನು ಸರಿಯಾಗಿ ತೆಗೆದುಕೊಂಡರೆ ಸಾಕು, ದಿನವೆಲ್ಲ ಮನಸ್ಸು ತುಂಬಿರುತ್ತದೆ.

ಅದೇ ತಿರುವು ಒಮ್ಮೆ ನನಗೆ ಪಾಠವನ್ನೂ ಕಲಿಸಿತು. ಮಳೆ ಬಂದು ನಿಂತಿತ್ತು. ಸ್ವಲ್ಪ ಜಾಸ್ತಿ ವೇಗದಲ್ಲೇ ಒಳಗೆ ಹೋದೆ. ಹೆದರಿಕೆಯಾಗಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದುಬಿಟ್ಟೆ. ಬೇರೆ ಕಾರಿನಲ್ಲಿ ಅದು ತಪ್ಪಲ್ಲ. ಎಂಜಿನ್ ಹಿಂದಿರುವ ಕಾರಿನಲ್ಲಿ ದೊಡ್ಡ ತಪ್ಪು. ಕಾಲು ತೆಗೆದಾಗ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಟೈರುಗಳ ಹಿಡಿತ ಸಡಿಲವಾಗುತ್ತದೆ, ಹಿಂದಿರುವ ಎಂಜಿನ್ ಲೋಲಕದ ಹಾಗೆ ಹೊರಕ್ಕೆ ಬೀಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಗಾಡಿ ಬಂದ ದಾರಿಯನ್ನೇ ನೋಡುತ್ತಾ ನಿಂತಿತ್ತು. ಎದುರಿನಿಂದ ಯಾರೂ ಬರಲಿಲ್ಲ. ಎಂಜಿನ್ ಆಫ್ ಮಾಡಿ, ಕೈ ನಡುಕ ನಿಲ್ಲುವವರೆಗೆ ಹಾಗೇ ಕೂತಿದ್ದೆ. ಮನೆಯಲ್ಲಿ ಮಗಳು ಓಡಿಸಲು ಕಲಿಯುತ್ತಿದ್ದಳು. ಹೊಸ ಗಾಡಿಯ ಯೋಚನೆ ಗಟ್ಟಿಯಾದದ್ದು ಅವತ್ತೇ.

ಈ ಸ್ವಭಾವ ತಯಾರಕರಿಗೂ ಮೊದಲಿನಿಂದ ಗೊತ್ತಿತ್ತು. 911 ಜನರ ಮುಂದೆ ಬಂದದ್ದು 1963ರ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ. ಆಗ ಅದರ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರುಗಳು ತಮ್ಮವು ಅಂತ ಪೂಜೋ ಕಂಪನಿ ಆಕ್ಷೇಪ ಎತ್ತಿದ್ದರಿಂದ 911 ಆಯಿತು. 1969ರ ಮಾಡೆಲ್‌ಗೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನು 57 ಮಿಲಿಮೀಟರ್ ಹೆಚ್ಚಿಸಿದರು. ಹಿಂಬದಿಯ ಆ ಬೀಸನ್ನು ತಗ್ಗಿಸುವುದಕ್ಕೇ ಅದು. ಆಮೇಲಿನ ಕಥೆಯೆಲ್ಲ ಒಂದು ರೀತಿಯಲ್ಲಿ ಅದೇ ಕೆಲಸದ ಮುಂದುವರಿಕೆ. ತಲೆಮಾರು ಬದಲಾದಂತೆ 911ಗೆ ಕಂಪನಿಯೊಳಗೆ 964, 993 ಅಂತ ಬೇರೆ ಬೇರೆ ಸಂಖ್ಯೆ ಕೊಡುತ್ತಾ ಬಂದರು. 1989ರಲ್ಲಿ ಬಂದ 964ರಲ್ಲಿ ಪವರ್ ಸ್ಟೀರಿಂಗ್, ಎಬಿಎಸ್, ಕಾಯಿಲ್ ಸ್ಪ್ರಿಂಗ್ ಎಲ್ಲ ಸೇರಿದವು. 993ರಲ್ಲಿ ಹಿಂದಿನ ಸಸ್ಪೆನ್ಷನ್ ಪೂರ್ತಿ ಬದಲಾಯಿತು. ಗಾಳಿಯಿಂದ ತಣ್ಣಗಾಗುವ ಎಂಜಿನ್‌ಗೆ 1998ರಲ್ಲಿ ತೆರೆ ಬಿತ್ತು.

ಹಳಬರಿಗೆ ಈಗಲೂ ನೋವಿನ ವಿಷಯ ಅದು. ಆದರೆ ಬೇರೆ ದಾರಿ ಇರಲಿಲ್ಲ. ಹೊಗೆಯ ನಿಯಮ ಬಿಗಿಯಾಯಿತು, ಸದ್ದಿನ ನಿಯಮವೂ ಬಿಗಿಯಾಯಿತು. ಒಂದೊಂದು ಸಿಲಿಂಡರ್‌ಗೆ ನಾಲ್ಕು ವಾಲ್ವ್ ಇಟ್ಟರೆ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ. ಆದರೆ ಅಷ್ಟು ಇಕ್ಕಟ್ಟಿನ ಜಾಗದ ಬಿಸಿಯನ್ನು ಬರೀ ಗಾಳಿ ಮತ್ತು ಆಯಿಲ್‌ನಿಂದ ಹೊರಗೆ ಹಾಕುವುದು ಕಷ್ಟ. ನೀರು ಬೇಕೇ ಬೇಕು. 1997ರಲ್ಲಿ ಬಂದ 996 ನೀರಿನಿಂದ ತಣ್ಣಗಾಗುವ ಎಂಜಿನ್ ತಂದಿತು.

ಗಾಡಿ ಬೆಳೆಯುತ್ತಲೂ ಹೋಯಿತು. ಮೊದಲ 911ಗೆ ಎರಡು ಲೀಟರ್ ಎಂಜಿನ್, 130 ಅಶ್ವಶಕ್ತಿ, ತೂಕ 1,080 ಕಿಲೋ ಆಸುಪಾಸು, ಅಗಲ 1,610 ಮಿಲಿಮೀಟರ್. ನನ್ನದರ ಕಾಲಕ್ಕೆ 3.2 ಲೀಟರ್, 231 ಅಶ್ವಶಕ್ತಿ. 2019ರ 992 ತಲೆಮಾರಿನ ಮೂಲ ಮಾಡೆಲ್ ಕರೆರಾಗೆ 385 ಅಶ್ವಶಕ್ತಿ, ತೂಕ ಒಂದೂವರೆ ಟನ್, ಅಗಲ 1,852 ಮಿಲಿಮೀಟರ್. ಅಂದರೆ ಅಗಲದಲ್ಲೇ 24 ಸೆಂಟಿಮೀಟರ್ ವ್ಯತ್ಯಾಸ. ಕಾಗದದ ಮೇಲೆ ಇದು ಸಣ್ಣ ಅಂಕಿ. ಎದುರಿನಿಂದ ಲಾರಿ ಬರುವ ಕಿರಿದಾದ ರಸ್ತೆಯಲ್ಲಿ ತುಂಬಾ ದೊಡ್ಡದು. ಹಳೇದರಲ್ಲಿ ನಿಮ್ಮ ಪಾಲಿನ ರಸ್ತೆಯೊಳಗೇ ಸ್ವಲ್ಪ ಆಚೀಚೆ ಸರಿದು ತಿರುವನ್ನು ಅಂದವಾಗಿ ತೆಗೆದುಕೊಳ್ಳಬಹುದು. ಹೊಸದು ಆ ಜಾಗವನ್ನೆಲ್ಲ ತಾನೇ ತುಂಬಿಬಿಡುತ್ತದೆ.

ನಾನು ಮಾಡಿದ್ದು ಇಷ್ಟು. ನನಗೆ ಚೆನ್ನಾಗಿ ಗೊತ್ತಿರುವ ಇಪ್ಪತ್ತು ಕಿಲೋಮೀಟರ್ ರಸ್ತೆ ಒಂದಿದೆ. ತಿರುವು, ಏರು, ಒಂದಿಷ್ಟು ಕೆಟ್ಟ ಡಾಂಬರು, ಎಲ್ಲ ಇದೆ. ಒಂದೇ ದಿನ, ಅದೇ ರಸ್ತೆಯಲ್ಲಿ ಮೂರು ಗಾಡಿ ಓಡಿಸಿದೆ. ಮೊದಲು ನನ್ನದು. ಆಮೇಲೆ ಸ್ನೇಹಿತರೊಬ್ಬರ 992. ಕೊನೆಗೆ, ಮಾರಾಟಕ್ಕಿದ್ದ 2010ರ 997. ನೀವೂ ಹೀಗೇ ಮಾಡಿ, ದಯವಿಟ್ಟು. ಬೇರೆ ಬೇರೆ ದಿನ, ಬೇರೆ ಬೇರೆ ರಸ್ತೆಯಲ್ಲಿ ಓಡಿಸಿದರೆ ಹೋಲಿಸೋಕೆ ಆಗುವುದೇ ಇಲ್ಲ. ಹಿಂದಿನ ಗಾಡಿಯ ನೆನಪು ಕೈಯಿಂದ ಬೇಗ ಜಾರಿಹೋಗುತ್ತದೆ.

992 ಅದ್ಭುತ ಗಾಡಿ. ತಾನಾಗಿಯೇ ಬದಲಾಗುವ ಎಂಟು ಗೇರುಗಳು, ಎರಡು ಕ್ಲಚ್, ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 4.2 ಸೆಕೆಂಡ್. ಎಲ್ಲೂ ತಡವರಿಸಲಿಲ್ಲ. ನಾನು ತಪ್ಪಿಬಿದ್ದ ತಿರುವಿಗೆ ಬಂದಾಗ ಹಳೇ ಭಯದಿಂದ ಮೈ ಬಿಗಿಯಾಯಿತು. ಗಾಡಿಗೆ ಅದು ತಿರುವು ಅಂತಲೇ ಅನ್ನಿಸಲಿಲ್ಲ. ಸ್ಪೀಡೋಮೀಟರ್ ನೋಡಿದೆ. ನನ್ನ ಹಳೇ ಗಾಡಿಯಲ್ಲಿ ಎದೆ ಹೊಡೆದುಕೊಳ್ಳುವ ವೇಗ. ಇಲ್ಲಿ ಏನೂ ಇಲ್ಲ. ಈ ಗಾಡಿಗೆ ಮೈ ಬೆಚ್ಚಗಾಗಬೇಕಾದರೆ ನಾನು ಇನ್ನೂ ಎಷ್ಟೋ ಜೋರಾಗಿ ಹೋಗಬೇಕು. ಸಾರ್ವಜನಿಕ ರಸ್ತೆಯಲ್ಲಿ ಹಾಗೆ ಹೋಗುವುದು ಸರಿಯಲ್ಲ. ರೇಸ್ ಟ್ರ್ಯಾಕಿಗೆ ಆಗಾಗ ಹೋಗುವವರಾದರೆ ಕಣ್ಣು ಮುಚ್ಚಿಕೊಂಡು ಅದನ್ನೇ ತಗೊಳ್ಳಿ ಅನ್ನುತ್ತೇನೆ. ನಾನು ಹೋಗುವವನಲ್ಲ.

997 ಬೇರೆ ಥರ. ಆರು ಗೇರು, ಕೈಯಲ್ಲೇ ಹಾಕಬೇಕು. 3.6 ಲೀಟರ್, 345 ಅಶ್ವಶಕ್ತಿ. ಸ್ಟೀರಿಂಗ್‌ಗೆ ಆಯಿಲ್ ಒತ್ತಡದ ಸಹಾಯ ಇದೆ. 2011ರಲ್ಲಿ ಬಂದ 991ರಿಂದ ಆ ಜಾಗಕ್ಕೆ ವಿದ್ಯುತ್ ಮೋಟಾರ್ ಬಂತು. ಈ ವ್ಯತ್ಯಾಸ ಸಣ್ಣದಲ್ಲ. ಆ ತೇಪೆ ಹಾಕಿದ ಡಾಂಬರಿನ ಮೇಲೆ ಹೋದಾಗ ಬೆರಳ ತುದಿಗೆ ಆ ಹಳೇ ಮಾತು ಮತ್ತೆ ಕೇಳಿಸಿತು. ಸ್ವಲ್ಪ ಮೆಲ್ಲಗೆ, ಆದರೂ ಕೇಳಿಸಿತು. ಅದೇ ತಿರುವಿನಲ್ಲಿ ಹಿಂದಿನ ಭಾರ ಗೊತ್ತಾಯಿತು. ಅಗತ್ಯ ಬಿದ್ದರೆ ಹಿಡಿದುಕೊಳ್ಳಲು ಸ್ಟೆಬಿಲಿಟಿ ಕಂಟ್ರೋಲ್ ಕೂಡ ಇತ್ತು. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲೇ.

ಕೊಳ್ಳುವ ಮುಂಚೆ ಏನು ನೋಡಬೇಕು ಅಂತ ತುಂಬಾ ಜನ ಕೇಳುತ್ತಾರೆ. ಬಣ್ಣ, ಸೀಟು, ಪಾಲಿಶ್ ಇವೆಲ್ಲ ಆಮೇಲೆ. 996 ಮತ್ತು 2008ರವರೆಗಿನ 997ಗಳ ಸಾಮಾನ್ಯ ಎಂಜಿನ್‌ಗಳಲ್ಲಿ ಇಂಟರ್‌ಮೀಡಿಯೇಟ್ ಶಾಫ್ಟ್ ಅಂತ ಒಂದು ಇದೆ, ಎಂಜಿನ್‌ನ ತಿರುಗುವಿಕೆಯನ್ನು ವಾಲ್ವ್ ತೆರೆಯುವ ಭಾಗಕ್ಕೆ ಮುಟ್ಟಿಸುವ ದಂಡ. ಅದರ ತುದಿಯ ಬೇರಿಂಗ್ ಕೆಲವು ಗಾಡಿಗಳಲ್ಲಿ ಕೈಕೊಟ್ಟಿದೆ. ಸಣ್ಣ ಭಾಗ, ಆದರೆ ಅದು ಹೋದರೆ ಇಡೀ ಎಂಜಿನ್ ಹೋಗಬಹುದು. ಟರ್ಬೊ ಮತ್ತು ಜಿಟಿ3 ಅನ್ನುವ ಜೋರಿನ 911ಗಳಲ್ಲಿದ್ದದ್ದು ಬೇರೆ ಎಂಜಿನ್, ಅವಕ್ಕೆ ಈ ಕಾಟ ಇಲ್ಲ. 2009ರ ಮಾಡೆಲ್‌ನಿಂದ ಆ ಶಾಫ್ಟನ್ನೇ ತೆಗೆದುಹಾಕಿದರು. ನಾನು 2010ರದ್ದೇ ಹುಡುಕಿದ್ದು ಅದಕ್ಕೆ. 2009ಕ್ಕಿಂತ ಹಿಂದಿನದು ಇಷ್ಟವಾಗಿದ್ದರೆ ಹೆದರಿ ಬಿಡಬೇಕಾಗಿಲ್ಲ. ಬೇರಿಂಗ್ ಬದಲಾಯಿಸಿದ ಬಿಲ್ ಇದೆಯಾ ಕೇಳಿ. ಆಯಿಲ್ ಫಿಲ್ಟರನ್ನು ಕತ್ತರಿಸಿ, ಮಡಿಕೆ ಬಿಡಿಸಿ, ಬೆಳಕಿಗೆ ಹಿಡಿದು ನೋಡಲು ಹೇಳಿ. ಲೋಹದ ಪುಡಿ ಮಿನುಗಿದರೆ ನಮಸ್ಕಾರ ಹೇಳಿ ಬಂದುಬಿಡಿ.

ಗಾಡಿಯ ಕಂಪ್ಯೂಟರ್ ಒಂದು ಲೆಕ್ಕ ಇಟ್ಟಿರುತ್ತದೆ. ಎಂಜಿನ್ ಮಿತಿ ಮೀರಿ ಎಷ್ಟು ಸಲ ತಿರುಗಿದೆ, ಕೊನೆಯ ಸಲ ಆದದ್ದು ಎಂಜಿನ್‌ನ ಎಷ್ಟನೇ ಗಂಟೆಯಲ್ಲಿ, ಎಲ್ಲ ಅದರಲ್ಲಿ ಇರುತ್ತದೆ. ಐದನೇ ಗೇರಿನ ಬದಲು ಕೈತಪ್ಪಿ ಮೂರನೇದಕ್ಕೆ ಬಿದ್ದರೆ ಆಗುವುದು ಇದೇ. ಮಾಲೀಕರ ನೆನಪಿನಲ್ಲಿ ಇಲ್ಲದ್ದೂ ಅಲ್ಲಿ ಉಳಿದಿರುತ್ತದೆ. ಆ ರಿಪೋರ್ಟ್ ತೆಗೆಸಿ.

ಇನ್ನು ಟೈರು. ನಾನು ನೋಡಿದ ಇನ್ನೊಂದು ಗಾಡಿಯ ಟೈರುಗಳ ಗೀರು ಹೊಸದರ ಹಾಗೇ ಇತ್ತು. ಮಾರುವವರು ಅದನ್ನೇ ತೋರಿಸಿ ಹೊಗಳಿದರು. ಮಂಡಿಯೂರಿ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2317 ಅಂತ ಇದ್ದರೆ 2017ರ 23ನೇ ವಾರ. ಆ ಗಾಡಿಯ ಟೈರಿಗೆ ಹನ್ನೊಂದು ವರ್ಷ ವಯಸ್ಸಾಗಿತ್ತು. ಸವೆಯದಿದ್ದರೂ ರಬ್ಬರ್ ಗಟ್ಟಿಯಾಗುತ್ತದೆ, ಹಿಡಿತ ಹೋಗುತ್ತದೆ. ಕಡಿಮೆ ಓಡಿದ ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಸುಮಾರಾಗಿ ಎಲ್ಲ ಕಡೆ ಕಾಣುವ ಮಾತು. ನಿಂತೇ ಇದ್ದ ಗಾಡಿಗಿಂತ, ಓಡುತ್ತಾ ಸರ್ವಿಸ್ ಆಗುತ್ತಾ ಬಂದ ಗಾಡಿ ಎಷ್ಟೋ ಮೇಲು.

ಹೊಸದು ಬಂದು ಒಂಬತ್ತು ತಿಂಗಳಾಯಿತು. ಮಳೆಯಲ್ಲಿ ಹೋಗುತ್ತೇನೆ. ಮಗಳ ಕೈಗೂ ಕೊಡುತ್ತೇನೆ. ಮೊದಮೊದಲು ನಾನು ಇದರೊಳಗೆ ಹಳೇದನ್ನೇ ಹುಡುಕುತ್ತಿದ್ದೆ. ಆ ವಾಸನೆ ಎಲ್ಲಿ, ಆ ಒಣ ಸದ್ದು ಎಲ್ಲಿ ಅಂತ. ಆ ಹುಡುಕಾಟದಲ್ಲಿ ಎರಡು ತಿಂಗಳು ಸುಮ್ನೆ ಕಳೆದೆ. ಒಂದು ಸಂಜೆ ಮಗಳು ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿ ಕೂತಿದ್ದೆ. ಎಂಜಿನ್ ನಿಮಿಷಕ್ಕೆ ಐದು ಸಾವಿರ ಸುತ್ತು ದಾಟಿದಾಗ ಬಂದ ದನಿ ಮೊದಲ ಸಲ ಕಿವಿಗೆ ಬಿತ್ತು. ಅದು ಹಳೇದರ ದನಿ ಅಲ್ಲ. ತನ್ನದೇ ದನಿ. ತುಂಬಾ ಚೆನ್ನಾಗಿತ್ತು.

ಹಳೇದನ್ನು ತಗೊಂಡವನು ಮೂವತ್ತರ ಹುಡುಗ. ಕೀಲಿ ಕೊಡುವ ದಿನ ಎರಡು ಗಂಟೆ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿಕೊಟ್ಟೆ. ಎರಡನೇ ಗೇರು, ತಿರುವಿನಲ್ಲಿ ಕಾಲು ತೆಗೆಯಬಾರದು ಅನ್ನುವುದು, ಎಲ್ಲ. ಒಂದು ವಾರದ ಮೇಲೆ ಬೆಳಿಗ್ಗೆ ಆರು ಗಂಟೆಗೆ ಫೋನ್ ಬಂತು. ದನಿಯಲ್ಲಿ ಗಾಬರಿ.

"ಸಾರ್, ಡಿಪ್‌ಸ್ಟಿಕ್ ಒಣಗಿದೆ. ಒಂದು ಹನಿ ಆಯಿಲ್ ಇಲ್ಲ. ಎರಡು ಲೀಟರ್ ಹಾಕಿಬಿಡಲಾ?"

"ಎಂಜಿನ್ ಓಡ್ತಾ ಇದೆಯೇನಪ್ಪಾ?"

"ಇಲ್ಲ ಸಾರ್, ಈಗ ತಾನೇ ಬಾಗಿಲು ತೆಗೆದೆ."

"ಹಾಗಾದರೆ ಏನೂ ಹಾಕಬೇಡ. ಆ ಎಂಜಿನ್‌ನಲ್ಲಿ ಆಯಿಲ್‌ಗೆ ಬೇರೆ ಟ್ಯಾಂಕ್ ಇದೆ. ತಣ್ಣಗಿದ್ದಾಗ ನೋಡಿದರೆ ಲೆಕ್ಕ ತಪ್ಪುತ್ತೆ. ಒಂದು ಸುತ್ತು ಓಡಿಸಿ ಬಾ. ಚೆನ್ನಾಗಿ ಬಿಸಿಯಾಗಲಿ. ಸಮತಟ್ಟು ಜಾಗದಲ್ಲಿ ನಿಲ್ಲಿಸು. ಎಂಜಿನ್ ಆಫ್ ಮಾಡದೆ ನೋಡು."

ಮುಕ್ಕಾಲು ಗಂಟೆ ಆಯಿತು. ಮತ್ತೆ ಫೋನ್. ಅವನು ಮಾತಾಡುವ ಮೊದಲೇ ಹಿಂದಿನಿಂದ ಆ ಒಣ ಸದ್ದು, ಆ ಫ್ಯಾನಿನ ಗುಂಯ್ ದನಿ ಕೇಳಿಸಿತು.

"ಸರಿಯಾಗಿದೆ ಸಾರ್. ಎರಡು ಗೆರೆಗಳ ನಡುವೆ ಇದೆ."

"ಮುಚ್ಚಳ ಬಿಗಿಯಾಗಿ ಹಾಕು," ಅಂದೆ. ಅವನು ಫೋನ್ ಇಡುವುದನ್ನು ಮರೆತಿದ್ದ. ನಾನೂ ಇಡಲಿಲ್ಲ. ಅವನು ಬಾಗಿಲು ಹಾಕಿಕೊಂಡು, ಮೊದಲ ಗೇರು, ಆಮೇಲೆ ಅರೆಕ್ಷಣ ನಿಂತು ಎರಡನೇ ಗೇರು ಹಾಕುವವರೆಗೂ ಕೇಳುತ್ತಾ ನಿಂತಿದ್ದೆ.