ಮೂರನೇ ಕ್ಲಾರಿನೆಟ್‌ನವರನ್ನು ಕೇಳಿ

ಎಲ್ಲರಿಗೂ ನಮಸ್ಕಾರ. ಬೀದರ್‌ನಿಂದ ರೈಲಿಗೆ ಬಂದ ಚರ್ಚ್ ಬ್ಯಾಂಡ್‌ನವರು, ಯಾದಗಿರಿಯಲ್ಲಿ ರಾತ್ರಿಯೆಲ್ಲ ಮದುವೆ ಬಾರಿಸಿ ನಿದ್ದೆಗೆಟ್ಟು ಬಂದವರು, ಇಲ್ಲೇ ಕಲಬುರಗಿಯ ಶಾಲೆಗಳ ಸಂಗೀತದ ಮೇಷ್ಟ್ರುಗಳು, ಭಜನೆ ಮಂಡಳಿಯ ಹಿರಿಯರು, ಎಲ್ಲ ಒಂದೇ ಕಡೆ ಕೂತಿದ್ದೀರಿ. ಇಂಥ ಜನ ಒಟ್ಟಿಗೆ ಸಿಗೋದೇ ಅಪರೂಪ. ಅದಕ್ಕೇ ಇವತ್ತು ದೊಡ್ಡ ವಿಷಯ ಬೇಡ. ಬ್ಯಾಂಡ್‌ಗೆ ಅಂತ ಬರೋಕ್ ಶೈಲಿಯಲ್ಲಿ, ಅಂದರೆ ಬಾಖ್, ಹ್ಯಾಂಡೆಲ್ ಎಂಬ ಸಂಗೀತಕಾರರ ಕಾಲದ ಯುರೋಪಿನ ಶೈಲಿಯಲ್ಲಿ, ಒಂದು ಅರೇಂಜ್‌ಮೆಂಟ್ ಬರೆದ ಮೇಲೆ, ಅದು ಹೇಗಿದೆ ಅಂತ ಯಾರನ್ನು ಕೇಳಬೇಕು, ಏನಂತ ಕೇಳಬೇಕು? ಅಷ್ಟೇ ಮಾತಾಡೋಣ.

"ಹೆಂಗದ ರೀ?" ಅಂತ ಕೇಳಿದರೆ ನಮ್ಮ ಕಡೆ ಉತ್ತರ ಒಂದೇ. "ಭಾರಿ ಅದ ರೀ!" ಮುಗೀತು. ಚಹಾ ಕುಡಿದು ಮನೆಗೆ ಹೋಗಬಹುದು. ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ಆದರೆ ಆ ಉತ್ತರದಿಂದ ಒಂದು ಬಾರ್ (ಸ್ವರಬರಹದಲ್ಲಿ ಎರಡು ಗೆರೆಗಳ ನಡುವಿನ ಒಂದು ಮನೆ) ಕೂಡ ಸುಧಾರಿಸುವುದಿಲ್ಲ.

ಮೊದಲು ನಾನು ಬರೆದದ್ದು ಏನು ಅಂತ ಹೇಳಿಬಿಡುತ್ತೇನೆ. ನಮ್ಮದು ಕಡಕೋಳ ಮಡಿವಾಳಪ್ಪನವರ ಸೀಮೆ. ತತ್ವಪದ ಕೇಳದೆ ಬೆಳೆದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಏಕತಾರಿ ಮೇಲೆ ಹಾಡುವ ಒಂದು ಹಳೆಯ ಧಾಟಿ, ಹೆಚ್ಚುಕಡಿಮೆ ಭೀಮಪಲಾಸಿ ರಾಗ. ಅದನ್ನೇ ತಗೊಂಡು ಎರಡು ಭಾಗ ಮಾಡಿದೆ. ಮೊದಲ ಭಾಗದಲ್ಲಿ ಟ್ಯೂಬಾ, ಯುಫೋನಿಯಂ ಅನ್ನುವ ದಪ್ಪ ದನಿಯ ಹಿತ್ತಾಳೆ ವಾದ್ಯಗಳು ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತವೆ, ಮೇಲೆ ಬೇರೆಯವರು ಆಟ ಆಡುತ್ತಾರೆ. ಯುರೋಪಿನವರು ಇದನ್ನು ಗ್ರೌಂಡ್ ಬಾಸ್ ಅನ್ನುತ್ತಾರೆ, ಬಾಸ್ ಅಂದರೆ ಎಲ್ಲಕ್ಕಿಂತ ಕೆಳಗಿನ ದನಿ. ತಬಲಾ ಸೋಲೋದಲ್ಲಿ ಹಾರ್ಮೋನಿಯಂನವರು ಲೆಹರಾ ಹಿಡಿದು ಕೂತಿರುತ್ತಾರಲ್ಲ, ಕೆಲಸ ಸುಮಾರು ಅದೇ. ಬ್ಯಾಂಡ್‌ಗೆ ಇದು ಒಗ್ಗುತ್ತದೋ ಇಲ್ಲವೋ ಅಂತ ಯಾರಿಗೂ ಸಂಶಯ ಬೇಡ. ಇಂಗ್ಲೆಂಡಿನ ಸಂಗೀತಕಾರ ಗುಸ್ತಾವ್ ಹೋಲ್ಸ್ಟ್ 1909ರಲ್ಲಿ ಮಿಲಿಟರಿ ಬ್ಯಾಂಡ್‌ಗೆ ಅಂತಲೇ ಬರೆದ ಇ-ಫ್ಲಾಟ್ ಸೂಟ್ ಅನ್ನುವ ಕೃತಿಯ ಮೊದಲ ಭಾಗ ಹೀಗೇ ಇದೆ, ಎಂಟು ಬಾರ್‌ಗಳ ಒಂದು ಸಾಲನ್ನು ಯುಫೋನಿಯಂ, ಟ್ಯೂಬಾ ಶುರು ಮಾಡುತ್ತವೆ, ಆಮೇಲೆ ಇಡೀ ಭಾಗ ಅದರ ಮೇಲೇ ನಿಂತಿರುತ್ತದೆ. ನನ್ನ ಎರಡನೇ ಭಾಗ ಫ್ಯೂಗ್. ಧಾಟಿಯ ಮೊದಲ ಸಾಲನ್ನು ಒಬ್ಬರು ಸಾದಿಂದ ಹಿಡಿಯುತ್ತಾರೆ, ಇನ್ನೊಬ್ಬರು ಪಾದಿಂದ ಉತ್ತರ ಕೊಡುತ್ತಾರೆ, ಹೀಗೆ ಒಬ್ಬರ ಹಿಂದೆ ಒಬ್ಬರು.

ಇದನ್ನು ಮೊದಲು ಕೇಳಿಸಿದ್ದು ಕಂಪ್ಯೂಟರ್. ಸ್ವರ ಬರೆದು ಕೇಳಿಸುವ ಮ್ಯೂಸ್‌ಸ್ಕೋರ್ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ನಾನೂ ಅದರಲ್ಲೇ ಬರೆಯುತ್ತೇನೆ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಅದರ ಮಾತು ಕೇಳಿ ತೀರ್ಪು ಕೊಡಬೇಡಿ. ಕಂಪ್ಯೂಟರ್‌ಗೆ ಉಸಿರು ಬೇಕಿಲ್ಲ. ತುಟಿ ಸುಸ್ತಾಗುವುದಿಲ್ಲ. ಕೊಳಲಿನ ಕೆಳಗಿನ ಸ್ವರ, ಅದೂ ಮೂರು ಟ್ರಂಪೆಟ್ ಒಟ್ಟಿಗೆ ಊದುತ್ತಿರುವಾಗ, ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ನಿಜವಾದ ಕೋಣೆಯಲ್ಲಿ ಆ ಫ್ಲೂಟ್ ಹುಡುಗಿ ಸುಮ್ನೆ ಕೂತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾದರೆ ಯಾರನ್ನು ಕೇಳಬೇಕು? ನನ್ನ ಪ್ರಕಾರ ಮೂರನೇ ಕ್ಲಾರಿನೆಟ್‌ನವರನ್ನು. ಮೊದಲ ಕ್ಲಾರಿನೆಟ್‌ಗೆ ರಾಗ ಸಿಕ್ಕಿರುತ್ತದೆ, ಅವರು ಖುಷಿಯಾಗೇ ಇರುತ್ತಾರೆ. ಮೂರನೆಯವರಿಗೆ ಸಿಗುವುದು ಉಳಿದ ಬಳಿದ ಸ್ವರಗಳು. ಬರೋಕ್ ಅಂದಮೇಲೆ ಹಾಗೆ ಆಗಬಾರದು, ಅಲ್ವಾ? ಅಲ್ಲಿ ಪ್ರತಿ ದನಿಗೂ ತನ್ನದೇ ಒಂದು ಹಾಡು ಇರಬೇಕು. ಅದಕ್ಕೆ ನಾನು ಅವರಿಗೆ ಕೇಳುವ ಪ್ರಶ್ನೆ ಇಷ್ಟೇ: ನಿಮ್ಮ ಪಾರ್ಟನ್ನು ಮನೆಯಲ್ಲಿ ಒಬ್ಬರೇ ಕೂತು ನುಡಿಸಿದರೆ ಬೇಜಾರು ಬರುತ್ತದಾ? ಎಲ್ಲಿ ಬೇಜಾರು ಬಂತೋ ಅಲ್ಲಿ ನನ್ನ ಕೌಂಟರ್‌ಪಾಯಿಂಟ್, ಅಂದರೆ ದನಿಗಳನ್ನು ಹೆಣೆಯುವ ಕಲೆ, ಸತ್ತಿದೆ ಅಂತ ಅರ್ಥ. ಅಲ್ಲಿ ನಾನು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ತುಂಬಿಸಿದ್ದೇನೆ, ಸಂಗೀತ ಬರೆದಿಲ್ಲ.

ಎರಡನೇ ಕ್ಲಾರಿನೆಟ್‌ನ ಒಬ್ಬ ಅಣ್ಣ, ಮದುವೆ ಬ್ಯಾಂಡ್‌ನಲ್ಲಿ ತಲೆ ಬೆಳ್ಳಗಾದವರು, ಒಂದು ಟ್ರಿಲ್ (ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ವೇಗದ ಓಡಾಟ) ತೋರಿಸಿ "ಇದು ಕೈಗೆ ಕೂಡಂಗಿಲ್ಲ ರೀ" ಅಂದರು. ನೋಡಿದರೆ ಕ್ಲಾರಿನೆಟ್‌ನ ಬರಹದಲ್ಲಿ ಅದು ಮಧ್ಯದ ಎ ಸ್ವರ ಮತ್ತು ಅದರ ಮೇಲಿನ ಬಿ ಸ್ವರ. ಎ ಹಿಡಿಯಲು ಒಂದೇ ಬೆರಳು ಸಾಕು. ಬಿ ಬರಬೇಕಾದರೆ ಎಲ್ಲ ತೂತು ಮುಚ್ಚಿ, ಹಿಂದಿನ ರಿಜಿಸ್ಟರ್ ಕೀಲಿಯನ್ನೂ ಒತ್ತಬೇಕು. ಇವೆರಡರ ನಡುವೆ ಚಕಚಕ ಓಡಾಡಿ ಅಂದರೆ ಯಾರ ಕೈಯಾದರೂ ತಡವರಿಸುತ್ತದೆ. ಪಕ್ಕದ ಕೀಲಿಯಿಂದ ಹೇಗೋ ತೆಗೆಯಬಹುದು, ಆದರೆ ಸ್ವರ ತೆಳ್ಳಗಾಗುತ್ತದೆ. ಆ ಟ್ರಿಲ್ ಈಗ ಫ್ಲೂಟ್‌ಗೆ ಹೋಗಿದೆ. ಇನ್ನೊಂದು ಮಾತೂ ಅವರೇ ಹೇಳಿದರು: ಬರೋಕ್ ಟ್ರಿಲ್ ಸಾಮಾನ್ಯವಾಗಿ ಮೇಲಿನ ಸ್ವರದಿಂದ ಶುರುವಾಗುತ್ತದೆ, ನಮ್ಮವರ ಕೈ ರೂಢಿಯಿಂದ ಮೂಲ ಸ್ವರವನ್ನೇ ಮೊದಲು ಹಿಡಿಯುತ್ತದೆ. "ಹಂಗ ಬೇಕಂದ್ರ ಬರದು ತೋರಸ್ರಿ, ಚಿಹ್ನೆ ಹಾಕಿ ಬಿಟ್ರ ನಾವು ನಮ್ಮಂಗೇ ಬಾರಸ್ತೀವಿ." ಈಗ ಪ್ರತಿ ಟ್ರಿಲ್‌ನ ಮುಂದೆ ಒಂದು ಪುಟ್ಟ ಸ್ವರ ಬರೆದಿದ್ದೇನೆ.

ಟ್ಯೂಬಾ ಕಾಕಾ ಹೇಳಿದ್ದು ಇನ್ನೂ ಚಿಕ್ಕದು. "ಉಸುರು ಎಲ್ಲಿ ತಗೊಳ್ಳಿ?" ಬರೋಕ್ ಬಾಸ್ ಸಾಲು ನಿಲ್ಲದೆ ನಡೆಯುತ್ತಲೇ ಇರುತ್ತದೆ. ಚೆಲ್ಲೋ ಮತ್ತು ಹಾರ್ಪ್ಸಿಕಾರ್ಡ್‌ಗೆ ಬರೆದದ್ದು ಅದು, ಅವಕ್ಕೆ ಶ್ವಾಸಕೋಶ ಇಲ್ಲ. ಟ್ಯೂಬಾ ಎಷ್ಟು ಗಾಳಿ ತಿನ್ನುತ್ತದೆ ಅಂತ ಅದನ್ನು ಹೊತ್ತವರಿಗೇ ಗೊತ್ತು. ಸಾಲನ್ನು ಯುಫೋನಿಯಂ, ಬ್ಯಾರಿಟೋನ್ ಸ್ಯಾಕ್ಸ್ ಎರಡಕ್ಕೂ ಹಂಚಿದೆ, ಟ್ಯೂಬಾಗೆ ಗಟ್ಟಿ ಮಾತ್ರೆಗಳನ್ನಷ್ಟೇ ಉಳಿಸಿದೆ. ಸ್ವರ ಕಮ್ಮಿಯಾದವು, ಬಾಸ್ ಮಾತ್ರ ಮೊದಲಿಗಿಂತ ಚೆನ್ನಾಗಿ ಕೇಳಿಸುತ್ತಿದೆ.

ನುಡಿಸುವವರಿಗೆ ಗೊತ್ತಾಗದ್ದು ಕೇಳುವವರಿಗೆ ಗೊತ್ತಾಗುತ್ತದೆ. ಅವರಿಗೂ "ಹೆಂಗದ" ಅನ್ನಬೇಡಿ. ಧಾಟಿ ಮೊದಲೇ ಹಾಡಿ ತೋರಿಸಿ, ಆಮೇಲೆ ಬ್ಯಾಂಡ್ ನುಡಿಸುವಾಗ ಆ ಧಾಟಿ ಬಂದಾಗಲೆಲ್ಲ ಕೈ ಎತ್ತಿ ಅಂತ ಹೇಳಿ. ಫ್ಯೂಗ್‌ನಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಮೊದಲ ಎರಡು ಸಲ ಎಲ್ಲರ ಕೈ ಮೇಲೆ ಹೋದವು. ಯುಫೋನಿಯಂ ಹಿಡಿದುಕೊಂಡ ಮೂರನೇ ಸಲ ಒಂದು ಕೈಯೂ ಏಳಲಿಲ್ಲ. ಮೇಲೆ ಟ್ರಂಪೆಟ್ ಮುಚ್ಚಿಬಿಟ್ಟಿತ್ತು. ಯುಫೋನಿಯಂಗೆ ಜೋರಾಗಿ ಊದಿ ಅನ್ನುವುದು ಸುಲಭ, ಆದರೆ ಕೆಲಸ ಆಗುವುದು ಟ್ರಂಪೆಟ್‌ಗೆ ರೆಸ್ಟ್ ಕೊಟ್ಟಾಗ. ಯುಫೋನಿಯಂಗೂ ತನ್ನ ಸರದಿಗೆ ಮುಂಚೆ ಒಂದು ಬಾರ್ ರೆಸ್ಟ್ ಇರಲಿ. ಸುಮ್ಮನಿದ್ದವರು ಬಾಯಿ ತೆಗೆದರೆ ಕಿವಿ ತಾನಾಗೇ ಆ ಕಡೆ ತಿರುಗುತ್ತದೆ.

ಹಾರ್ಮನಿ, ಅಂದರೆ ದನಿಗಳನ್ನು ಜೋಡಿಸುವ ಶಾಸ್ತ್ರ, ಓದಿದವರ ಹತ್ತಿರವೂ ಹೋಗಬೇಕು. ಹೋಗಿ, ಆದರೆ ಕೆಂಪು ಪೆನ್ನಿಗೆ ಪೂರ್ತಿ ಶರಣಾಗಬೇಡಿ. ಒಬ್ಬರು ಪಿಕೊಲೊ ಮತ್ತು ಫ್ಲೂಟ್ ಸಾಲಿನ ಉದ್ದಕ್ಕೂ ಸಮಾನಾಂತರ ಆಕ್ಟೇವ್ (ಎರಡು ದನಿ ಒಂದೇ ಸ್ವರಗಳನ್ನು ಒಂದು ಸ್ಥಾಯಿಯ ಅಂತರದಲ್ಲಿ ಹಿಡಿದು ಹೋಗುವುದು), ತಪ್ಪು ಅಂತ ಗೆರೆ ಎಳೆದು ಕೊಟ್ಟರು. ಅವು ಎರಡು ದನಿಗಳೇ ಅಲ್ಲ. ಒಂದೇ ದನಿ, ಬಣ್ಣಕ್ಕೆ ಅಂತ ಮೇಲೆ ಇನ್ನೊಂದು ಸೇರಿಸಿದ್ದು. ತಪ್ಪಾಗುವುದು ಬೇರೆ ಬೇರೆಯಾಗಿ ನಡೆಯಬೇಕಾದ ಎರಡು ದನಿಗಳು, ಅದರಲ್ಲೂ ಬಾಸ್ ಮತ್ತು ಮೇಲಿನ ರಾಗ, ಒಂದರ ಹಿಂದೆ ಒಂದು ಐದನೆಯ (ಸಾ-ಪಾ) ಅಂತರದಲ್ಲಿ ಜೊತೆಜೊತೆಗೇ ಹೋದಾಗ. ಆ ಥರದ್ದು ಒಂದು ಕಡೆ ಅವರಿಗೆ ಸಿಕ್ಕಿತು, ಅದು ಅವರ ಪುಣ್ಯ.

"ಇದು ಅಸಲಿ ಬರೋಕ್ ಅಲ್ಲ" ಅನ್ನುವವರೂ ಬರುತ್ತಾರೆ. ಅವರ ಮಾತು ನಿಜ. ಟ್ಯೂಬಾಗೆ ಪೇಟೆಂಟ್ ಸಿಕ್ಕಿದ್ದು 1835ರಲ್ಲಿ, ಸ್ಯಾಕ್ಸೊಫೋನ್‌ಗೆ 1846ರಲ್ಲಿ. ಬಾಖ್ ತೀರಿಕೊಂಡದ್ದು 1750ರಲ್ಲಿ. ಆದರೆ ಗಾಳಿವಾದ್ಯ ಬೇಡ, ಪಿಟೀಲೇ ಬೇಕು ಅನ್ನುವುದಾದರೆ ಹ್ಯಾಂಡೆಲ್‌ನನ್ನು ನೆನಪಿಸಿ. 1749ರಲ್ಲಿ ಲಂಡನ್ನಿನ ಗ್ರೀನ್ ಪಾರ್ಕ್‌ನಲ್ಲಿ ಪಟಾಕಿ ಉತ್ಸವಕ್ಕೆ ಆತ ಸಂಗೀತ ಬರೆದಾಗ ರಾಜ ಎರಡನೇ ಜಾರ್ಜ್‌ಗೆ ಪಿಟೀಲು ಬೇಡವಾಗಿತ್ತು, ಯುದ್ಧದ ವಾದ್ಯಗಳು ಬೇಕಾಗಿದ್ದವು. 24 ಓಬೋ, 12 ಬಸೂನ್, 9 ಟ್ರಂಪೆಟ್, 9 ಹಾರ್ನ್, ಜೊತೆಗೆ ನಗಾರಿ! ನಮ್ಮ ಜಾತ್ರೆಯ ತೇರಿನ ಮುಂದೆಯೂ ಅಷ್ಟು ಜನ ಊದುವುದಿಲ್ಲ.

ಈಗ ನನಗೆ ಇನ್ನೂ ಬಗೆಹರಿಯದ ಒಂದು ವಿಷಯ. ಧಾಟಿಯ ಸಾ ಅನ್ನು ನಾನು ಜಿ ಸ್ವರದ ಮೇಲೆ ಇಟ್ಟಿದ್ದೇನೆ. ಕ್ಲಾರಿನೆಟ್, ಸ್ಯಾಕ್ಸ್‌ಗೆ ಬರೆಯುವ ಸ್ವರ ಬೇರೆ, ಕೇಳಿಸುವ ಸ್ವರ ಬೇರೆ; ಕ್ಲಾರಿನೆಟ್‌ನ ಬರಹದಲ್ಲಿ ಅದು ಎ ಮೈನರ್ ಆಗುತ್ತದೆ, ಆಲ್ಟೊ ಸ್ಯಾಕ್ಸ್‌ಗೆ ಇ ಮೈನರ್, ಯಾರಿಗೂ ಕಷ್ಟ ಇಲ್ಲ. ಭೀಮಪಲಾಸಿಯಲ್ಲಿ ಧೈವತ ಶುದ್ಧ, ಹಾಗಾಗಿ ಆರಂಭದಲ್ಲಿ ಒಂದೇ ಫ್ಲಾಟ್ (ಸ್ವರವನ್ನು ಕೋಮಲ ಮಾಡುವ ಚಿಹ್ನೆ) ಬರೆದರೆ ಸಾಕು. ಇದೂ ಹಳೆಯ ಪದ್ಧತಿಯೇ, ಬಾಖ್ 1720ರ ತನ್ನ ಹಸ್ತಪ್ರತಿಯಲ್ಲಿ ಒಂಟಿ ಪಿಟೀಲಿನ ಜಿ ಮೈನರ್ ಸೊನಾಟಾಗೆ ಒಂದೇ ಫ್ಲಾಟ್ ಹಾಕಿದ್ದಾನೆ. ಇಲ್ಲಿಯವರೆಗೆ ಬರೋಕ್‌ಗೂ ಭಜನೆಗೂ ಜಗಳ ಇಲ್ಲ.

ಜಗಳ ಶುರುವಾಗುವುದು ಮುಕ್ತಾಯದಲ್ಲಿ. ಬರೋಕ್ ಮೈನರ್ ಮುಗಿಯುವಾಗ ಪಾ ಮೇಲಿನ ಮೇಜರ್ ಕಾರ್ಡ್ ಬಂದು ಸಾಗೆ ಇಳಿಯಬೇಕು. ಆ ಕಾರ್ಡ್‌ನಲ್ಲಿ ಶುದ್ಧ ನಿಷಾದ ಇದೆ. ಭೀಮಪಲಾಸಿಯಲ್ಲಿ ನಿಷಾದ ಕೋಮಲ. ಭಜನೆ ಮಂಡಳಿಯ ಅಜ್ಜ ಒಬ್ಬರು ಕಣ್ಣು ಮುಚ್ಚಿ ಕೇಳುತ್ತಿದ್ದವರು ಆ ಜಾಗಕ್ಕೆ ಬಂದ ಕೂಡಲೇ ಕಣ್ಣು ಬಿಟ್ಟು, "ಈ ನೀ ಯಾರದಪ್ಪ?" ಅಂದರು. ಅವರಿಗೆ ಸ್ಟಾಫ್ ನೊಟೇಶನ್ ಓದಲು ಬರುವುದಿಲ್ಲ. ಆದರೆ ಇಡೀ ತುಣುಕಿನಲ್ಲಿ ಅತಿ ಮುಖ್ಯವಾದ ಪ್ರಶ್ನೆ ಕೇಳಿದವರು ಅವರೇ. ಚರ್ಚ್ ಬ್ಯಾಂಡ್‌ನ ಮೇಷ್ಟ್ರಿಗೆ ಅದೇ ಜಾಗ ಎಲ್ಲಕ್ಕಿಂತ ಚೆಂದ ಅನ್ನಿಸಿದೆ, ಅದಿಲ್ಲದಿದ್ದರೆ ಮುಗಿದ ಹಾಗೇ ಅನ್ನಿಸುವುದಿಲ್ಲವಂತೆ. ಇಬ್ಬರ ಕಿವಿಯೂ ಸರಿ ಇದೆ. ಸರಾಸರಿ ತೆಗೆಯಲು ಇದೇನು ಪರೀಕ್ಷೆಯ ಮಾರ್ಕ್ಸ್ ಅಲ್ಲ.

ಅದಕ್ಕೆ ಎರಡು ಮುಕ್ತಾಯ ಬರೆದು ತಂದಿದ್ದೇನೆ. ಒಂದರಲ್ಲಿ ಶುದ್ಧ ನಿಷಾದ ಇದೆ, ಆದರೆ ರಾಗದ ಸಾಲಿನಲ್ಲಿ ಎಲ್ಲೂ ಇಲ್ಲ, ಎರಡನೇ ಟ್ರಂಪೆಟ್‌ನ ಒಳಗೆ ಮೆಲ್ಲಗೆ ಬಂದು ಹೋಗುತ್ತದೆ. ಇನ್ನೊಂದರಲ್ಲಿ ಮಾ, ಧಾ, ಸಾ ಇರುವ ಕಾರ್ಡ್‌ನಿಂದ ನೇರ ಸಾಗೆ ಬರುತ್ತದೆ, ರಾಗದ ಹೊರಗಿನ ಒಂದು ಸ್ವರವೂ ಇಲ್ಲ, ಆದರೆ ಮುಕ್ತಾಯದ ಹಿಡಿತ ಸ್ವಲ್ಪ ಸಡಿಲ. ಪಾರ್ಟ್‌ಗಳು ಮೇಜಿನ ಮೇಲಿವೆ, ಪೆನ್ಸಿಲ್ ಕೂಡ ಇಟ್ಟಿದ್ದೇನೆ. ಉಸಿರು ಸಾಲದ ಕಡೆ ಅಲ್ಪವಿರಾಮ ಹಾಕಿ, ಬೆರಳು ತಡವರಿಸಿದ ಕಡೆ ಸುತ್ತು ಹಾಕಿ, ಬೇಜಾರು ಬಂದ ಕಡೆ ಅಡ್ಡಗೆರೆ. ಹೆಸರು ಬರೆಯಬೇಡಿ. ಈ ಬ್ಯಾಸಗಿಯ ಬಿಸಿಗೆ ವಾದ್ಯಗಳ ಶ್ರುತಿ ಏರಿರುತ್ತದೆ, ಆದ್ದರಿಂದ ಎರಡು ನಿಮಿಷ ಊದಿ ಬೆಚ್ಚಗಾದ ಮೇಲೆ ಒಮ್ಮೆ ಶ್ರುತಿ ಸೇರಿಸಿಕೊಳ್ಳಿ. ಮೊದಲು ಒಂದನೇ ಮುಕ್ತಾಯ, ಆಮೇಲೆ ಎರಡನೆಯದು. ಅಜ್ಜಾ, ನೀವು ಇಲ್ಲಿ ಮುಂದಿನ ಕುರ್ಚಿಗೆ ಬನ್ನಿ.